ಸೋಮವಾರದ ಜ್ವರ

ಸಾಲಗಾಮೆ ರಸ್ತೆಯ ನನ್ನ ಕ್ಲಿನಿಕ್ಕಿನಲ್ಲಿ
ಮೂವತ್ತೊಂದು ವರ್ಷದಿಂದ ಜ್ವರ ಬರೆಯುತ್ತಿದ್ದೇನೆ.
ಬಂದ ಜ್ವರ, ಬರದ ಜ್ವರ,
ಚುನಾವಣೆ ಡ್ಯೂಟಿ ಬಿದ್ದ ಮೇಷ್ಟ್ರುಗಳಿಗೆ ಏರಿ
ಎಣಿಕೆ ಮುಗಿದೊಡನೆ ಇಳಿಯುವ ಜ್ವರ.
ಒಂದು ಸಲ ಇಡೀ ಬಸ್ ಡಿಪೋಗೇ ಬಂತು:
ಅರವತ್ತೆರಡು ಡ್ರೈವರು, ಒಂದೇ ಬೆಳಿಗ್ಗೆ,
ಬೆಂಚು ಸಾಲದೆ ಮೆಟ್ಟಿಲ ಮೇಲೆ, ಚರಂಡಿಯ ಚಪ್ಪಡಿ ಮೇಲೆ.
ಒಬ್ಬನ ಮೈಯೂ ಬೆಚ್ಚಗಿರಲಿಲ್ಲ.
ಬರೆದೆ. ಪ್ಯಾಡು ಮುಗಿಯಿತು.
ಔಷಧಿ ಕಂಪನಿಯ ಕ್ಯಾಲೆಂಡರು ಹರಿದು ಬೆನ್ನಿಗೂ ಬರೆದೆ.

ಶನಿವಾರ ಸಂಜೆ, ಕೊನೆಯ ಪೇಷಂಟು ಹೋದ ಮೇಲೆ
ಕದ ಸರಿಸಿ ಬಂದಳು ಶ್ರುತಕೀರ್ತಿ,
ಪಾತ್ರೆ ಅಂಗಡಿ ಪದ್ಮರಾಜಯ್ಯನವರ ಮೊಮ್ಮಗಳು.
ಸೂಜಿಗೆ ಹೆದರಿ ಇದೇ ಮೇಜಿನ ಕೆಳಗೆ ಅಡಗಿದ್ದವಳು
ಈಗ ನೂರಾ ಎಂಬತ್ತು ಜನರನ್ನು ಕೂರಿಸಿಕೊಂಡು
ಮೋಡ ದಾಟುತ್ತಾಳೆ.
ಬೂವನಹಳ್ಳಿಗೆ ವಿಮಾನ ಬಂದರೆ
ಮೊದಲು ಇಳಿಸೋಳು ನಮ್ಮ ಹುಡುಗಿಯೇ ಎಂದು
ಅವರಜ್ಜ ಕೊಡಪಾನ ತೂಗುತ್ತ ಎಲ್ಲರಿಗೂ ಹೇಳುತ್ತಿದ್ದರು.

"ಡಾಕ್ಟ್ರೇ, ಒಂದು ಜ್ವರ ಬೇಕಿತ್ತು.
ಸೋಮವಾರದಿಂದ ಮೂರು ದಿನ.
ನಮ್ಮೋರಿಗೆಲ್ಲ ಅದೇ ಮೂರು ದಿನ."

ನಕ್ಕೆ. ಡಿಪೋ ಜ್ವರ ಆಕಾಶಕ್ಕೂ ಹತ್ತಿತಾ?
ಅವಳೂ ನಕ್ಕಳು, ಅರ್ಧ.
ಮೊಬೈಲು ತೆಗೆದು ಡ್ಯೂಟಿ ಪಟ್ಟಿ ತೋರಿಸಿದಳು,
ಮಗು ಬಳಿದಂತೆ ಬಣ್ಣಬಣ್ಣದ ಚೌಕ.
ಇದು ರಾತ್ರಿ. ಇದೂ ರಾತ್ರಿ.
ಇದು ರಜಾ ಅಂತ ಕೊಟ್ಟು ಬೆಳಗಿನ ಐದಕ್ಕೆ ಕಿತ್ಕೊಂಡಿದ್ದು.
ಮಂಜು ಕರಗಲೆಂದು ನಾಲ್ಕು ಗಂಟೆ ಕಾದದ್ದು
ಸಂಬಳದ ಲೆಕ್ಕಕ್ಕೆ ಇಲ್ಲವೇ ಇಲ್ಲ.
ಎಪ್ಪತ್ತು ಗಂಟೆಗೆ ಖಾತ್ರಿಯಿದ್ದದ್ದನ್ನು ನಲವತ್ತಕ್ಕೆ ಇಳಿಸಿದ್ದಾರೆ,
ತರಬೇತಿ ಸಾಲದ ಕಂತು ಮಾತ್ರ ಇನ್ನೂ ಮೇಲೇ ಹಾರುತ್ತಿದೆ.

"ಲಕ್ಷ ಎಣಿಸೋರಿಗೆ ಯಾಕಮ್ಮಾ ಮುಷ್ಕರ, ಅಂದ್ರು ಅಜ್ಜ.
ತೂಗಿ ತೂಗಿ ಅಭ್ಯಾಸ ಅವರಿಗೆ.
ನಿದ್ದೆನ ಯಾವ ತಕ್ಕಡಿಗೆ ಹಾಕಿ ತೋರಿಸ್ಲಿ?"

ಮಾತಾಡುತ್ತಲೇ, ಹಳೆ ಚಾಳಿ,
ಅವಳ ತೋಳಿಗೆ ಪಟ್ಟಿ ಸುತ್ತಿದ್ದೆ.
ಒತ್ತಿದೆ. ಇನ್ನೊಮ್ಮೆ ಒತ್ತಿದೆ.
ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದೆ.
ನೂರಾ ಐವತ್ತೆಂಟು, ನೂರಾ ಎರಡು.
ವಯಸ್ಸು ಮೂವತ್ತೆರಡು.

"ಮಲಗೋದು ಎಷ್ಟು ಹೊತ್ತಿಗಮ್ಮ?"
"ಯಾವ ಊರಲ್ಲಿ?" ಅಂದಳು.

ಆಮೇಲೆ, ನಾನು ಕೇಳದೆಯೇ,
ಮೇಜಿನ ಗಾಜಿಗೆ ಹೇಳಿದಳು:
ಹೋದ ತಿಂಗಳು, ನಸುಕು, ಇಳಿಯಲು ಹನ್ನೊಂದು ನಿಮಿಷ.
ಕಣ್ಣು ಮುಚ್ಚಿದ್ದೆ ಅಂತ ಗೊತ್ತಾಗಿದ್ದು ಕಣ್ಣು ಬಿಟ್ಟಾಗ.
ಪಕ್ಕಕ್ಕೆ ತಿರುಗಿದರೆ
ಕ್ಯಾಪ್ಟನ್ನರ ಗದ್ದ ಎದೆಗೆ ತಾಗಿತ್ತು.

ಜವರಪ್ಪ ನೆನಪಾದ.
ಧರ್ಮಸ್ಥಳದ ರಾತ್ರಿ ಬಸ್ಸು, ಡಬಲ್ ಡ್ಯೂಟಿ, ಶಿರಾಡಿಯ ಒಂದು ತಿರುವು.
ಕಂಡಕ್ಟರು ಯಾಕೋ ಸೀಟಿ ಊದಿದ,
ಐವತ್ತು ಜನ ಬೆಳಿಗ್ಗೆ ಕಾಫಿ ಕುಡಿದರು.

"ಇದನ್ನೇ ಬರೀತೀನಿ," ಅಂದೆ, "ಇದು ಇರೋ ಕಾಯಿಲೆ."
ಪೆನ್ನಿನ ಸಮೇತ ಕೈ ಹಿಡಿದುಕೊಂಡಳು.
ಮೇಜಿನ ಕೆಳಗಿನ ಅದೇ ಕಣ್ಣು.
"ಬೇಡಿ. ಬಿಪಿ ಅಂದ್ರೆ ನನ್ನನ್ನ ನೆಲಕ್ಕೆ ಕೂರಿಸ್ತಾರೆ,
ಕಂತು ಕೂರಲ್ಲ.
ಜ್ವರ ಬರೀರಿ.
ನಿಜ ಹೇಳಿದ್ರೆ ನನ್ನೊಬ್ಬಳನ್ನ ತೆಗೀತಾರೆ,
ಸುಳ್ಳು ಹೇಳಿದ್ರೆ ಎಲ್ಲರ ಜೊತೆ ಮಾತಿಗೆ ಕೂರ್ತಾರೆ."

ಮುಂದಿನ ತಿಂಗಳು ತಂಗಿಯ ಮನೆಗೆ ನನಗೂ ಒಂದು ಟಿಕೆಟ್ಟಿದೆ.
ಅದನ್ನು ಹೇಳಲಿಲ್ಲ.
ಮಾತ್ರೆಯ ಹೆಸರನ್ನು ಬೇರೆ ಚೀಟಿಯಲ್ಲಿ ಗೀಚಿ,
ಮೂರು ತಿಂಗಳಾದರೂ ಬಿಡು ಅಂತ ಬೈದು,
ಅವಳು ತಲೆಯಾಡಿಸಿದ್ದು ಹೌದಕ್ಕೋ ಅಲ್ಲಕ್ಕೋ ತಿಳಿಯದೆ
ಬರೆದೆ: ವಿಷಮ ಜ್ವರ ಶಂಕೆ. ಪೂರ್ಣ ವಿಶ್ರಾಂತಿ.

ಮೊಹರಿನ ಇಂಕು ಒಣಗಿತ್ತು.
ಒಳಕೋಣೆಯಲ್ಲಿ ಬಾಟಲಿ ಹುಡುಕಿ, ಎರಡು ತೊಟ್ಟು ಬಿಟ್ಟು,
ಒತ್ತಿಕೊಂಡು ಬರುವಷ್ಟರಲ್ಲಿ
ಬೆಂಚಿನ ಮೇಲೆ, ಕೂತಲ್ಲೇ, ಗೋಡೆಗೆ ತಲೆಕೊಟ್ಟು
ನಿದ್ದೆ ಹೋಗಿದ್ದಳು.
ಕೈಯಲ್ಲಿ ಮೊಬೈಲು ಗುಂಯ್‌ಗುಡುತ್ತಿತ್ತು,
ಯಾವುದೋ ಚೌಕ ಬಣ್ಣ ಬದಲಿಸುತ್ತ.

ಶಟರು ಎಳೆಯಲು ಕೈಯೆತ್ತಿದ್ದ ಇಲಿಯಾಸನಿಗೆ
ಬೇಡ ಎಂದು ಸನ್ನೆ ಮಾಡಿದೆ.